‘ಏಕೆ ಹೀಗೆ ಮಾಡಿದೆ?’ ಎಂದು ಕೇಳುವ ಮೊದಲು

(ಸಂಘದ ವಾರ್ಷಿಕ ವಿದ್ಯಾರ್ಥಿ–ಪೋಷಕರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮನೋವಿಜ್ಞಾನ ಮತ್ತು ಸಮಾಜಕಾರ್ಯ ಎಂಬ ಎರಡು ಶಾಸ್ತ್ರಗಳು ನಮ್ಮ ದಿನನಿತ್ಯದ ಬಾಳಿಗೆ ಹೇಗೆ ಉಪಯೋಗಕ್ಕೆ ಬರುತ್ತವೆ ಎಂಬ ವಿಷಯವನ್ನು ಸಂಘದವರು ನನಗೆ ಕೊಟ್ಟಿದ್ದಾರೆ. ಉರ್ದು ಮತ್ತು ಕನ್ನಡ ಪಾಠ ಮಾಡುವುದು ನನ್ನ ಕೆಲಸ. ಬಿ.ಎಡ್. ಓದುವಾಗ ಮನೋವಿಜ್ಞಾನ ನಮಗೆ ಒಂದು ಪತ್ರಿಕೆಯಾಗಿತ್ತು. ಅದರ ಮುಂದಿನ ಪಾಠವನ್ನು ಕಲಿಸಿದವರು ತರಗತಿಯ ಮಕ್ಕಳೇ. ಆದ್ದರಿಂದ ದೊಡ್ಡ ಸಿದ್ಧಾಂತಗಳನ್ನು ಬಿಟ್ಟು, ನಮ್ಮ ಮನೆ, ಶಾಲೆ, ಬೀದಿಗಳಲ್ಲಿ ನಡೆಯುವ ಸಂಗತಿಗಳನ್ನೇ ಹಿಡಿದು ಮಾತನಾಡುತ್ತೇನೆ. ಇಲ್ಲಿ ಹೇಳುವ ಉದಾಹರಣೆಗಳು ಯಾವುದೇ ಒಂದು ಮನೆಯವಲ್ಲ. ಬಹಳಷ್ಟು ಮನೆಗಳಲ್ಲಿ ಕಾಣುವಂಥವು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿದೆ ಎಂದಿಟ್ಟುಕೊಳ್ಳಿ. ಒಬ್ಬ ಹುಡುಗ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದಾನೆ. ಸಂಜೆಯೊಳಗೆ ಮನೆಗೆ ಐದಾರು ಜನ ಬರುತ್ತಾರೆ. ಚಿಕ್ಕಪ್ಪ ‘ಮೊಬೈಲ್‌ನಿಂದಲೇ ಹೀಗಾಯಿತು’ ಎನ್ನುತ್ತಾರೆ. ಪಕ್ಕದ ಮನೆಯವರು ‘ನಮ್ಮ ಹುಡುಗನನ್ನು ನೋಡಿ ಕಲಿ’ ಎನ್ನುತ್ತಾರೆ. ಮತ್ತೊಬ್ಬರು ‘ಗ್ಯಾರೇಜಿಗೆ ಹಾಕಿಬಿಡಿ, ಕೈಕಸುಬಾದರೂ ಬರಲಿ’ ಎನ್ನುತ್ತಾರೆ. ತಂದೆ ‘ಏಕೆ ಹೀಗೆ ಮಾಡಿದೆ?’ ಎಂದು ಗದರುತ್ತಾರೆ. ಹುಡುಗ ತಲೆ ತಗ್ಗಿಸಿ ನಿಲ್ಲುತ್ತಾನೆ. ಬಂದವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಅವನ ಮೇಲೆ ಪ್ರೀತಿ ಇದೆ, ಅದಕ್ಕಾಗಿಯೇ ಬಂದಿದ್ದಾರೆ. ಆದರೆ ಅವನಿಗೆ ಸಿಕ್ಕಿದ್ದು ಐದು ಸಲಹೆಗಳು ಮಾತ್ರ. ಏನಾಯಿತು ಎಂದು ಕೇಳಿ, ಉತ್ತರ ಬರುವವರೆಗೆ ಕಾದು ಕುಳಿತವರು ಒಬ್ಬರೂ ಇಲ್ಲ.

ನಮ್ಮಲ್ಲಿ ಸಲಹೆಗೆ ಬರವಿಲ್ಲ, ಆಲಿಸುವ ಕಿವಿಗೆ ಬರವಿದೆ. ಇಂದು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು. ಉಳಿದದ್ದೆಲ್ಲ ಇದರ ವಿವರಣೆ.

ನಾವು ಏಕೆ ಅವಸರ ಪಡುತ್ತೇವೆ?

ಒಬ್ಬರ ಬಗ್ಗೆ ಬೇಗನೆ ತೀರ್ಮಾನಕ್ಕೆ ಬರುವುದು ಮನುಷ್ಯನ ಸಹಜ ಗುಣ. ಮನೋವಿಜ್ಞಾನಿಗಳು ಇದನ್ನು ಬಹಳ ಅಭ್ಯಾಸ ಮಾಡಿದ್ದಾರೆ. ಲೀ ರಾಸ್ ಎಂಬ ಅಮೆರಿಕದ ಮನೋವಿಜ್ಞಾನಿ 1977ರಲ್ಲಿ ಈ ಗುಣಕ್ಕೆ ಒಂದು ಹೆಸರು ಕೊಟ್ಟರು. ಅದನ್ನು ಕನ್ನಡದಲ್ಲಿ ‘ಕಾರಣ ಹಚ್ಚುವಲ್ಲಿನ ಮೂಲ ದೋಷ’ ಎನ್ನಬಹುದು. ಇದರ ಅರ್ಥ ಸರಳ. ಇತರರ ನಡತೆಯನ್ನು ನೋಡುವಾಗ ನಾವು ಅವರ ಸ್ವಭಾವವನ್ನು ದೂರುತ್ತೇವೆ, ಅವರ ಸುತ್ತಲಿನ ಪರಿಸ್ಥಿತಿಯನ್ನು ಮರೆಯುತ್ತೇವೆ. ನಮ್ಮ ವಿಷಯ ಬಂದಾಗಲಾದರೋ ಪರಿಸ್ಥಿತಿಯೇ ಮೊದಲು ನೆನಪಾಗುತ್ತದೆ. ನಾನು ಸಭೆಗೆ ತಡವಾಗಿ ಬಂದರೆ ಬಸ್ಸು ತಡವಾಗಿತ್ತು. ನೀವು ತಡವಾಗಿ ಬಂದರೆ ನಿಮಗೆ ಸಮಯದ ಬೆಲೆ ಗೊತ್ತಿಲ್ಲ! ನನ್ನ ಮಗ ಸಿಟ್ಟು ಮಾಡಿದರೆ ಪಾಪ, ಹಸಿವಾಗಿತ್ತು. ಪಕ್ಕದ ಮನೆಯ ಹುಡುಗ ಸಿಟ್ಟು ಮಾಡಿದರೆ ಅವನಿಗೆ ಸಂಸ್ಕಾರವಿಲ್ಲ. ಅತ್ತೆ ಸೊಸೆಯ ಬಗ್ಗೆ, ಸೊಸೆ ಅತ್ತೆಯ ಬಗ್ಗೆ, ಶಿಕ್ಷಕರು ಪೋಷಕರ ಬಗ್ಗೆ, ಪೋಷಕರು ಶಿಕ್ಷಕರ ಬಗ್ಗೆ ಹೇಳುವ ದೂರುಗಳನ್ನು ಈ ಒಂದು ಮಾತಿನ ಬೆಳಕಿನಲ್ಲಿ ಇಟ್ಟು ನೋಡಿ. ಅರ್ಧದಷ್ಟು ದೂರುಗಳು ಅಲ್ಲೇ ಕರಗುತ್ತವೆ.

ಮಾತನಾಡದ ಹುಡುಗಿ

ನನ್ನ ಕೆಲಸಕ್ಕೆ ಹತ್ತಿರವಾದ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಎಷ್ಟೋ ಊರುಗಳಲ್ಲಿ ಉರ್ದು ಮಾಧ್ಯಮದಲ್ಲಿ ಪ್ರಾಥಮಿಕ ಶಾಲೆ ಇರುತ್ತದೆ, ಪ್ರೌಢಶಾಲೆ ಇರುವುದಿಲ್ಲ. ಆದ್ದರಿಂದ ಎಂಟನೆಯ ತರಗತಿಗೆ ಮಕ್ಕಳು ಕನ್ನಡ ಮಾಧ್ಯಮಕ್ಕೆ ಬರುತ್ತಾರೆ. ಏಳನೆಯ ತರಗತಿಯವರೆಗೆ ಚುರುಕಾಗಿದ್ದ ಹುಡುಗಿ ಇಲ್ಲಿ ಬಂದ ಮೇಲೆ ಬಾಯಿ ಬಿಡುವುದಿಲ್ಲ. ಪ್ರಶ್ನೆ ಕೇಳಿದರೆ ನೆಲ ನೋಡುತ್ತಾಳೆ. ಆರು ತಿಂಗಳಲ್ಲಿ ಅವಳಿಗೆ ‘ದಡ್ಡಿ’ ಎಂಬ ಹೆಸರು ಬೀಳುತ್ತದೆ. ಒಂದು ವರ್ಷದಲ್ಲಿ ಮನೆಯವರು ‘ಇವಳಿಗೆ ಓದು ಹತ್ತುವುದಿಲ್ಲ’ ಎಂದು ಶಾಲೆ ಬಿಡಿಸುವ ಮಾತು ತೆಗೆಯುತ್ತಾರೆ.

ಈಗ ಅವಳ ಪರಿಸ್ಥಿತಿಯನ್ನು ನೋಡೋಣ. ಅವಳು ಗಣಿತದಲ್ಲಿ ‘ಜಮಾ, ತಫ್ರೀಕ್, ಜರಬ್, ತಕ್ಸೀಮ್’ ಎಂದು ಕಲಿತವಳು. ಇಲ್ಲಿ ಅವೇ ‘ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ’ವಾಗಿವೆ. ಅವಳಿಗೆ ‘ಮುಸಲ್ಲಸ್’ ಗೊತ್ತು, ‘ತ್ರಿಭುಜ’ ಗೊತ್ತಿಲ್ಲ. ಎಲೆ ತನ್ನ ಆಹಾರವನ್ನು ಹೇಗೆ ತಯಾರಿಸಿಕೊಳ್ಳುತ್ತದೆ ಎಂಬುದನ್ನು ಅವಳು ‘ಜಿಯಾಯೀ ತಾಲೀಫ್’ ಎಂಬ ಹೆಸರಿನಲ್ಲಿ ಚೆನ್ನಾಗಿ ಓದಿದ್ದಾಳೆ. ಇಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಕೇಳಿದಾಗ ಅದು ತನಗೆ ತಿಳಿದಿರುವ ಪಾಠವೇ ಎಂದು ಅವಳಿಗೆ ಗೊತ್ತಾಗುವುದಿಲ್ಲ. ಬಲದಿಂದ ಎಡಕ್ಕೆ ಬರೆದ ಕೈ ಇಡೀ ದಿನ ಎಡದಿಂದ ಬಲಕ್ಕೆ ವೇಗವಾಗಿ ಟಿಪ್ಪಣಿ ಬರೆಯಬೇಕು. ಉರ್ದುವಿನಲ್ಲಿ ‘ಳ’, ‘ಣ’ ಇಲ್ಲದ ಕಾರಣ ‘ಹಳ್ಳಿ’ ಎನ್ನುವಲ್ಲಿ ‘ಹಲ್ಲಿ’ ಎಂದುಬಿಟ್ಟರೆ ತರಗತಿ ನಗುತ್ತದೆ. ಒಮ್ಮೆ ನಗೆಗೆ ಗುರಿಯಾದ ಮಗು ಎರಡನೆಯ ಸಲ ಬಾಯಿ ತೆರೆಯುವುದಿಲ್ಲ. ಅವಳಲ್ಲಿ ಕೊರತೆ ಇರುವುದು ಪದಗಳದು, ಬುದ್ಧಿಯದಲ್ಲ. ಎರಡು ಭಾಷೆಗಳ ಪದಗಳನ್ನು ಅಕ್ಕಪಕ್ಕ ಬರೆದ ನಾಲ್ಕು ಪುಟದ ಪಟ್ಟಿಯೊಂದು ಅವಳಿಗೆ ನೂರು ಬುದ್ಧಿಮಾತುಗಳಿಗಿಂತ ಹೆಚ್ಚು ನೆರವಾಗುತ್ತದೆ. ಆದರೆ ‘ದಡ್ಡಿ’ ಎಂದು ತೀರ್ಮಾನಿಸಿದವರಿಗೆ ಆ ಪಟ್ಟಿ ಬರೆಯುವ ಯೋಚನೆಯೇ ಬರುವುದಿಲ್ಲ.

ನಾವು ಇಡುವ ಹೆಸರಿಗೆ ಮಕ್ಕಳ ಮೇಲೆ ಎಷ್ಟು ಬಲವಿದೆ ಎಂಬುದಕ್ಕೆ ಒಂದು ಪ್ರಸಿದ್ಧ ಪ್ರಯೋಗವಿದೆ. ರಾಬರ್ಟ್ ರೊಸೆಂತಾಲ್ ಎಂಬ ಮನೋವಿಜ್ಞಾನಿ ಮತ್ತು ಲೆನೋರ್ ಜೇಕಬ್ಸನ್ ಎಂಬ ಮುಖ್ಯೋಪಾಧ್ಯಾಯಿನಿ ಸೇರಿ ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಅದನ್ನು ನಡೆಸಿ, 1968ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕೆಲವು ಮಕ್ಕಳ ಹೆಸರನ್ನು ಚೀಟಿ ಎತ್ತಿದಂತೆ ಆರಿಸಿ, ‘ಈ ಮಕ್ಕಳು ಈ ವರ್ಷ ಬಹಳ ಮುಂದೆ ಬರುತ್ತಾರೆ’ ಎಂದು ಶಿಕ್ಷಕರಿಗೆ ಹೇಳಲಾಯಿತು. ವರ್ಷದ ಕೊನೆಗೆ, ಮುಖ್ಯವಾಗಿ ಒಂದು ಮತ್ತು ಎರಡನೆಯ ತರಗತಿಗಳಲ್ಲಿ, ಆ ಮಕ್ಕಳು ನಿಜವಾಗಿಯೂ ಇತರರಿಗಿಂತ ಮುಂದೆ ಬಂದಿದ್ದರು. ಈ ಪ್ರಭಾವ ಎಷ್ಟು ದೊಡ್ಡದು ಎಂಬ ಬಗ್ಗೆ ನಂತರದ ವಿದ್ವಾಂಸರಲ್ಲಿ ವಾದವಿವಾದ ನಡೆದಿದೆ, ಅದು ಪವಾಡವೇನೂ ಅಲ್ಲ. ಆದರೆ ನಂಬಿಕೆ ಇಟ್ಟ ಶಿಕ್ಷಕರು ಆ ಮಗುವಿನ ಉತ್ತರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕಾಯುತ್ತಾರೆ, ಹೆಚ್ಚು ಸಲ ಪ್ರಶ್ನೆ ಕೇಳುತ್ತಾರೆ, ತಪ್ಪಾದರೆ ತಿದ್ದುತ್ತಾರೆ. ಇಷ್ಟು ನಮ್ಮ ಅನುಭವಕ್ಕೂ ಬರುವ ಸತ್ಯ.

ಸೋಲು ಕಲಿಸುವ ಸುಮ್ಮನಿರುವಿಕೆ

ಪದೇ ಪದೇ ಸೋತವರು ಪ್ರಯತ್ನವನ್ನೇ ಬಿಟ್ಟುಬಿಡುವುದನ್ನು ನೀವು ನೋಡಿರಬಹುದು. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ಈ ಸ್ಥಿತಿಯನ್ನು ವಿವರಿಸಿ ಅದನ್ನು ‘ಕಲಿತ ಅಸಹಾಯಕತೆ’ ಎಂದು ಕರೆದರು. ಸುಮಾರು 50 ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರೂ ತಮ್ಮ ಸಿದ್ಧಾಂತವನ್ನು ತಾವೇ ತಿದ್ದಿಕೊಂಡರು. ಬಹುಕಾಲ ಕಷ್ಟ ಬಿದ್ದಾಗ ಸುಮ್ಮನೆ ಕುಸಿಯುವುದು ಜೀವಿಯ ಸಹಜ ಪ್ರತಿಕ್ರಿಯೆ. ‘ಇದು ನನ್ನ ಕೈಯಲ್ಲಿದೆ’ ಎಂಬ ಭಾವವೇ ಕಲಿಯಬೇಕಾದದ್ದು ಎಂದು ಮೆದುಳಿನ ಅಧ್ಯಯನಗಳ ಆಧಾರದಿಂದ ಹೇಳಿದರು.

ಇದರಿಂದ ನಮಗೇನು ಪಾಠ? ಸೋತ ಹುಡುಗನಿಗೆ ‘ಧೈರ್ಯ ತಂದುಕೋ’ ಎಂದರೆ ಧೈರ್ಯ ಬರುವುದಿಲ್ಲ. ಅವನ ಕೈಗೆ ಎಟಕುವ ಒಂದು ಸಣ್ಣ ಕೆಲಸ ಬೇಕು. ಗಣಿತದಲ್ಲಿ ಅನುತ್ತೀರ್ಣನಾದವನಿಗೆ ಇಡೀ ಪುಸ್ತಕ ತೋರಿಸುವ ಬದಲು ಈ ವಾರ ಒಂದು ಅಧ್ಯಾಯದ ಹತ್ತು ಲೆಕ್ಕ ಕೊಡಿ. ಅವನು ಅದನ್ನು ಮಾಡಲಿ. ಮುಂದಿನ ವಾರ ಮತ್ತೊಂದು. ‘ನಾನು ಮಾಡಿದೆ, ಆಯಿತು’ ಎಂಬ ಅನುಭವ ನಾಲ್ಕು ಸಲ ಆದ ಮೇಲೆ ಮಾತ್ರ ‘ನನ್ನಿಂದ ಆಗುತ್ತದೆ’ ಎಂಬ ಮಾತು ಬಾಯಿಗೆ ಬರುತ್ತದೆ.

ಸಮಾಜಸೇವೆಯೂ ಸಮಾಜಕಾರ್ಯವೂ

ಇನ್ನು ಸಮಾಜಕಾರ್ಯಕ್ಕೆ ಬರೋಣ. ನಾವು ಇದನ್ನು ಸಮಾಜಸೇವೆ ಎಂದೇ ತಿಳಿಯುತ್ತೇವೆ. ಎರಡರ ಉದ್ದೇಶವೂ ಒಳ್ಳೆಯದೇ, ಆದರೆ ಒಂದು ವ್ಯತ್ಯಾಸವಿದೆ. ಸೇವೆಗೆ ಒಳ್ಳೆಯ ಮನಸ್ಸು ಸಾಕು, ಸಮಾಜಕಾರ್ಯಕ್ಕೆ ಅದರ ಜೊತೆಗೆ ತರಬೇತಿಯೂ ಬೇಕು. ನಮ್ಮ ದೇಶದಲ್ಲಿ ಈ ತರಬೇತಿಯ ಮೊದಲ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ನಮ್ಮ ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯವನ್ನು ಕಲಿಸುತ್ತಾ ಬಂದಿದೆ.

ಫೆಲಿಕ್ಸ್ ಬೀಸ್ಟೆಕ್ ಎಂಬ ಅಮೆರಿಕದ ಸಮಾಜಕಾರ್ಯದ ಪ್ರಾಧ್ಯಾಪಕರು 1957ರಲ್ಲಿ ಬರೆದ ಪುಸ್ತಕವೊಂದರಲ್ಲಿ, ಕಷ್ಟದಲ್ಲಿರುವವರ ಜೊತೆ ನಡೆದುಕೊಳ್ಳುವುದಕ್ಕೆ ಏಳು ಸೂತ್ರಗಳನ್ನು ಹೇಳಿದ್ದಾರೆ. ಇಂದಿಗೂ ಸಮಾಜಕಾರ್ಯದ ವಿದ್ಯಾರ್ಥಿಗಳು ಅವನ್ನು ಓದುತ್ತಾರೆ. ಆ ಏಳನ್ನೂ ನಮ್ಮ ಎಸ್ಸೆಸ್ಸೆಲ್ಸಿ ಹುಡುಗನಿಗೆ ಹೊಂದಿಸಿ ನೋಡೋಣ.

ಒಂದನೆಯದು, ವ್ಯಕ್ತಿಯನ್ನು ಅವನಂತೆಯೇ ಕಾಣುವುದು. ಅವನು ‘ಫೇಲಾದ ಹುಡುಗರಲ್ಲಿ’ ಒಬ್ಬನಲ್ಲ, ಅವನೇ ಬೇರೆ. ಒಬ್ಬನಿಗೆ ಕಣ್ಣು ಸರಿಯಾಗಿ ಕಾಣದೆ ಹಲಗೆಯ ಬರಹ ಓದಲಾಗಿಲ್ಲ. ಮತ್ತೊಬ್ಬ ತಂದೆಯ ಅಂಗಡಿಯಲ್ಲಿ ರಾತ್ರಿ ಹತ್ತರವರೆಗೆ ದುಡಿದಿದ್ದಾನೆ. ಮೂರನೆಯವನ ಮನೆಯಲ್ಲಿ ಜಗಳ. ರೋಗ ಬೇರೆ ಬೇರೆಯಾದರೆ ಔಷಧಿಯೂ ಬೇರೆಯಾಗಬೇಕಲ್ಲವೇ?

ಎರಡನೆಯದು, ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಲು ಬಿಡುವುದು. ಅವನು ಅತ್ತರೆ ‘ಗಂಡಸು ಅಳಬಾರದು’ ಎನ್ನಬೇಡಿ. ಅಳು ಮುಗಿದ ಮೇಲೆಯೇ ಮಾತು ಶುರುವಾಗುವುದು.

ಮೂರನೆಯದು, ನಮ್ಮ ಭಾವನೆಯ ಮೇಲೆ ನಮಗೆ ಹಿಡಿತವಿರುವುದು. ತಂದೆಗೂ ದುಃಖವಿದೆ, ನಾಲ್ಕು ಜನರ ಮುಂದೆ ಅವಮಾನವಾಯಿತೆಂಬ ನೋವಿದೆ. ಆದರೆ ಆ ಹೊತ್ತಿನಲ್ಲಿ ತಮ್ಮ ನೋವನ್ನು ಮಗನ ತಲೆಯ ಮೇಲೆ ಹೊರಿಸಿದರೆ ಅವನು ಎರಡು ಹೊರೆ ಹೊರಬೇಕಾಗುತ್ತದೆ.

ನಾಲ್ಕನೆಯದು, ಒಪ್ಪಿಕೊಳ್ಳುವುದು. ಒಪ್ಪಿಕೊಳ್ಳುವುದೆಂದರೆ ತಪ್ಪನ್ನು ಸರಿ ಎನ್ನುವುದಲ್ಲ. ಅಂಕ ಎಷ್ಟೇ ಬಂದಿರಲಿ, ಈ ಮನೆಯಲ್ಲಿ ನಿನ್ನ ಸ್ಥಾನ ನಿನ್ನದೇ ಎಂದು ಅವನಿಗೆ ಗೊತ್ತಾಗುವಂತೆ ಮಾಡುವುದು. ಆ ರಾತ್ರಿ ಅವನನ್ನು ಜೊತೆಯಲ್ಲಿ ಊಟಕ್ಕೆ ಕೂರಿಸಿಕೊಂಡರೆ ಇಷ್ಟನ್ನೂ ಹೇಳಿದಂತಾಗುತ್ತದೆ.

ಐದನೆಯದು, ತೀರ್ಪು ಕೊಡದಿರುವುದು. ಇಲ್ಲಿಯೇ ನಮ್ಮ ಭಾಷೆಯ ಬಗ್ಗೆ ಒಂದು ಮಾತು. ‘ಏಕೆ ಹೀಗೆ ಮಾಡಿದೆ?’ ಎಂಬುದು ನೋಡಲು ಪ್ರಶ್ನೆ, ಕೇಳುವವನ ಕಿವಿಗೆ ಅದು ತೀರ್ಪು. ಅದಕ್ಕೆ ಅವನು ಸುಳ್ಳು ಕಾರಣ ಕೊಡುತ್ತಾನೆ ಇಲ್ಲವೇ ಮೌನವಾಗುತ್ತಾನೆ. ಬದಲಾಗಿ ‘ಏನಾಯಿತು? ಯಾವುದು ಕಷ್ಟವಾಯಿತು?’ ಎಂದು ಕೇಳಿ ನೋಡಿ. ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಬರಲು ಹತ್ತು ನಿಮಿಷ ಹಿಡಿದರೂ ಪರವಾಗಿಲ್ಲ.

ಆರನೆಯದು, ನಿರ್ಧಾರದಲ್ಲಿ ಅವನಿಗೆ ಪಾಲು ಕೊಡುವುದು. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ನಮ್ಮ ರಾಜ್ಯದಲ್ಲಿದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಓದು ಮುಂದುವರಿಸಬಹುದು. ಕೈಕಸುಬು ಕಲಿಯುವ ದಾರಿಯೂ ಇದೆ. ಎಲ್ಲ ದಾರಿಗಳನ್ನೂ ಅವನ ಮುಂದಿಟ್ಟು, ಅನುಕೂಲ ಅನಾನುಕೂಲಗಳನ್ನು ಹೇಳಿ, ಅವನ ಅಭಿಪ್ರಾಯ ಕೇಳಬೇಕು. ತಾನೇ ಆರಿಸಿಕೊಂಡ ದಾರಿಯಲ್ಲಿ ಮನುಷ್ಯ ಹೆಚ್ಚು ದೂರ ನಡೆಯುತ್ತಾನೆ.

ಏಳನೆಯದು, ಗುಟ್ಟು ಕಾಪಾಡುವುದು. ಮಗ ತಾಯಿಗೆ ಹೇಳಿದ ಮಾತು ಮರುದಿನ ಚಿಕ್ಕಮ್ಮನ ಬಾಯಲ್ಲಿ ಕೇಳಿಬಂದರೆ, ಆ ಮಗ ಇನ್ನು ತಾಯಿಗೆ ಏನನ್ನೂ ಹೇಳುವುದಿಲ್ಲ. ಇಂದು ಮನೆಯ ಮಾತು ವಾಟ್ಸಾಪ್ ಗುಂಪಿಗೆ ಹೋಗಲು ಒಂದು ನಿಮಿಷ ಸಾಕು, ಅದನ್ನು ಹಿಂದಕ್ಕೆ ಕರೆಯಲು ಒಂದು ಜನ್ಮ ಸಾಲದು.

ಸಂಘದ ಮುಂದೆ ಒಂದು ವಿನಂತಿ

ಈ ಏಳನೆಯ ಸೂತ್ರವನ್ನು ಹಿಡಿದು ಸಂಘದ ಹಿರಿಯರಲ್ಲಿ ವಿನಯದಿಂದ ಒಂದು ಮಾತು ಕೇಳುತ್ತೇನೆ. ನಮ್ಮಂಥ ಸಂಘಗಳು ಬಡ ಮಕ್ಕಳಿಗೆ ಪುಸ್ತಕ, ಶುಲ್ಕ, ವಿದ್ಯಾರ್ಥಿವೇತನ ಕೊಡುತ್ತವೆ. ಬಹಳ ಪುಣ್ಯದ ಕೆಲಸ. ಎಲ್ಲ ಕಡೆಯೂ ಚೆಕ್ಕು ಕೊಡುವಾಗ ವೇದಿಕೆಗೆ ಕರೆದು ಫೋಟೋ ತೆಗೆಯುವ ರೂಢಿ ಬಂದಿದೆ. ಲೆಕ್ಕ ತೋರಿಸಬೇಕು, ದಾನಿಗಳಿಗೆ ನಂಬಿಕೆ ಬರಬೇಕು ಎಂಬ ಕಾರಣವೂ ನ್ಯಾಯವಾದದ್ದೇ. ಆದರೆ ಹದಿನೈದು ವರ್ಷದ ಹುಡುಗಿಯ ಸ್ಥಾನದಲ್ಲಿ ನಿಂತು ಯೋಚಿಸಿ. ‘ತಂದೆ ಇಲ್ಲದ ಬಡ ವಿದ್ಯಾರ್ಥಿನಿ’ ಎಂಬ ಬರಹದ ಕೆಳಗೆ ತನ್ನ ಮುಖ ಇರುವ ಚಿತ್ರ ತರಗತಿಯ ಎಲ್ಲರ ಮೊಬೈಲಿಗೆ ಬಂದ ದಿನ ಅವಳು ಹೇಗೆ ಶಾಲೆಗೆ ಹೋಗಬೇಕು? ಅಂಕಗಳಿಗಾಗಿ ಬಹುಮಾನ ಕೊಡುವಾಗ ವೇದಿಕೆಗೆ ಕರೆಯೋಣ, ಚಪ್ಪಾಳೆ ತಟ್ಟೋಣ. ಕಷ್ಟಕ್ಕೆ ನೆರವಾಗುವಾಗ ಹಣ ಬ್ಯಾಂಕ್ ಖಾತೆಗೆ ಹೋಗಲಿ, ವರದಿಯಲ್ಲಿ ಸಂಖ್ಯೆ ಇರಲಿ, ಮುಖ ಬೇಡ. ನೆರವು ಪಡೆದ ಮಗು ತಲೆ ಎತ್ತಿ ನಡೆಯುವಂತಾದರೆ ಆ ನೆರವು ಪೂರ್ಣವಾಯಿತು.

ನಮ್ಮ ಮಿತಿ ಎಲ್ಲಿ?

ಇಷ್ಟೆಲ್ಲ ಕೇಳಿದ ಮೇಲೆ ನಾವೆಲ್ಲರೂ ಮನೋವೈದ್ಯರಾದೆವು ಎಂದು ತಿಳಿಯಬಾರದು. ಆಲಿಸುವುದು ಎಲ್ಲರ ಕೆಲಸ, ಚಿಕಿತ್ಸೆ ವೈದ್ಯರ ಕೆಲಸ. ಎರಡು ವಾರಕ್ಕೂ ಹೆಚ್ಚು ಕಾಲ ಊಟ, ನಿದ್ದೆ ಕೆಟ್ಟು, ಯಾರೊಂದಿಗೂ ಸೇರದೆ, ಇಷ್ಟವಾದ ಕೆಲಸಗಳನ್ನೂ ಬಿಟ್ಟು ಒಬ್ಬರು ಮಂಕಾಗಿ ಕುಳಿತಿದ್ದರೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ‘ಹುಚ್ಚಾಸ್ಪತ್ರೆ’ ಎಂಬ ಹಳೆಯ ಹೆದರಿಕೆ ಬಿಡಬೇಕು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರಿನ ಹತ್ತಿರವೇ ಚಿಕಿತ್ಸೆ ಸಾಧ್ಯ ಎಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯ ಆ ಪ್ರಯೋಗವೇ ಮಾದರಿಯಾಯಿತು. ಇದು ನಮ್ಮ ನಾಡಿನ ಹೆಮ್ಮೆ.

ಯಾರಾದರೂ ‘ಬದುಕಿ ಏನು ಪ್ರಯೋಜನ’ ಎಂಬಂಥ ಮಾತಾಡಿದರೆ ಅದನ್ನು ನಾಟಕ ಎಂದು ತಳ್ಳಿಹಾಕಬೇಡಿ. ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ಮೆಲ್ಲಗೆ, ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಬದಲಾಗಿ ಹೊರೆ ಇಳಿಸಲು ದಾರಿಯಾಗುತ್ತದೆ. ಅವರನ್ನು ಒಬ್ಬರೇ ಬಿಡಬೇಡಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಇದೆ. ಜೀವಕ್ಕೆ ಅಪಾಯವಿದ್ದಾಗ ಗುಟ್ಟು ಕಾಪಾಡುವ ನಿಯಮ ಅನ್ವಯಿಸುವುದಿಲ್ಲ, ಮನೆಯವರಿಗೆ ತಿಳಿಸಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ನಮ್ಮ ಕರ್ತವ್ಯ. ಮರ್ಯಾದೆಯ ಹೆಸರಿನಲ್ಲಿ ಅದನ್ನು ಮುಚ್ಚಿಡಬಾರದು.

ವಿದ್ಯಾರ್ಥಿಗಳಿಗೆ

ಪ್ರೀತಿಯ ವಿದ್ಯಾರ್ಥಿಗಳೇ, ಇದೆಲ್ಲ ದೊಡ್ಡವರ ವಿಷಯ ಎಂದು ನೀವು ತಿಳಿಯಬೇಡಿ. ನಿಮ್ಮ ಗೆಳೆಯನ ಕಷ್ಟ ಮೊದಲು ಗೊತ್ತಾಗುವುದು ನಿಮಗೇ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗದಲ್ಲಿ ಕಂಡದ್ದು ಇದು: ಆಪತ್ತಿನಲ್ಲಿರುವವನ ಕೂಗನ್ನು ತಾನೊಬ್ಬನೇ ಕೇಳಿದ್ದೇನೆ ಎಂದುಕೊಂಡವರು ಬೇಗ ನೆರವಿಗೆ ಓಡುತ್ತಾರೆ. ಇನ್ನೂ ನಾಲ್ಕು ಜನ ಕೇಳಿದ್ದಾರೆ ಎಂದುಕೊಂಡವರು, ಅವರಲ್ಲಿ ಯಾರಾದರೂ ಹೋಗುತ್ತಾರೆಂದು ತಡ ಮಾಡುತ್ತಾರೆ. ನಿಮ್ಮ ತರಗತಿಯಲ್ಲಿ ನಾಲ್ಕು ದಿನದಿಂದ ಊಟದ ಹೊತ್ತಿಗೆ ಒಂಟಿಯಾಗಿ ಕೂರುವವನನ್ನು ಎಲ್ಲರೂ ನೋಡಿರುತ್ತೀರಿ. ಯಾರಾದರೂ ಮಾತನಾಡಿಸುತ್ತಾರೆ ಎಂದು ಎಲ್ಲರೂ ಅಂದುಕೊಂಡಿರುತ್ತೀರಿ. ಆ ‘ಯಾರಾದರೂ’ ನೀವೇ ಆಗಿ. ಬುದ್ಧಿ ಹೇಳಬೇಕಾಗಿಲ್ಲ. ಬುತ್ತಿ ಹಿಡಿದು ಅವನ ಪಕ್ಕದಲ್ಲಿ ಕುಳಿತರೆ ಸಾಕು.

ಪೋಷಕರೇ, ಹಿರಿಯರೇ, ಇಂದು ಮನೆಗೆ ಹೋದ ಮೇಲೆ ಒಂದು ಅಭ್ಯಾಸ ಆರಂಭಿಸಿ ಎಂದು ಕೇಳಿಕೊಳ್ಳುತ್ತೇನೆ. ದಿನಕ್ಕೆ ಹದಿನೈದು ನಿಮಿಷ ಮೊಬೈಲ್ ಬದಿಗಿಟ್ಟು, ಮನೆಯ ಒಬ್ಬರ ಮಾತನ್ನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿ. ಮಗನಾಗಲಿ, ಮಗಳಾಗಲಿ, ಸೊಸೆಯಾಗಲಿ, ವಯಸ್ಸಾದ ತಾಯಿಯಾಗಲಿ. ಕೇಳಿದ ಮೇಲೆ ಸಲಹೆ ಬೇಕೇ ಎಂದು ಅವರನ್ನೇ ಕೇಳಿ. ಬೇಕೆಂದರೆ ಕೊಡಿ. ಬೇಡವೆಂದರೆ, ಕೇಳಿದ್ದೇ ಅವರಿಗೆ ಬೇಕಾಗಿತ್ತು ಎಂದು ತಿಳಿಯಿರಿ.

ಇಷ್ಟು ಹೊತ್ತು ನನ್ನ ಮಾತನ್ನು ಶಾಂತವಾಗಿ ಆಲಿಸಿದ್ದೀರಿ. ಇದೇ ತಾಳ್ಮೆ ನಿಮ್ಮ ಮನೆಯ ಮಕ್ಕಳಿಗೂ ದೊರೆಯಲಿ ಎಂದು ಹಾರೈಸುತ್ತೇನೆ.